ಹೊಳವನ್ನು ನಂಬಿದ ಪಿಳ್ಳಣ್ಣ

ಸಮೇತನಹಳ್ಳಿಯ ಪಿಳ್ಳಣ್ಣ ಸಮುದ್ರದಲ್ಲಿ ಹಾಯಿದೋಣಿ ಪಂದ್ಯ ಆಡಿದವನು ಎಂದರೆ ಹೊಸಕೋಟೆ ಸಂತೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಕೆರೆ ತುಂಬುವುದನ್ನೇ ಅಪರೂಪಕ್ಕೆ ಕಂಡ ಸೀಮೆ ನಮ್ಮದು. ಅವನೂ ಓರಗೆಯ ದೇವೇಂದ್ರನೂ ಒಟ್ಟಿಗೆ ಮಿಲಿಟರಿ ಸೇರಿ, ಬೆಂಗಳೂರಿನ ಕೆರೆಯಲ್ಲಿ ಹಾಯಿದೋಣಿ ನಡೆಸಲು ಕಲಿತರು. ೧೯೯೧ರಲ್ಲಿ ಮದರಾಸಿನಿಂದ ಪಾಂಡಿಚೇರಿವರೆಗಿನ ಪಂದ್ಯಕ್ಕೆ ಇಬ್ಬರನ್ನೂ ಆರಿಸಿದರು.

ಹೊರಡುವ ಮುಂಚೆ ದೇವೇಂದ್ರನ ತಾಯಿ ಮುನಿತಾಯಮ್ಮ ಹುರಿಹಿಟ್ಟಿನ ಗಂಟು ಕೊಟ್ಟು ನಕ್ಕಳು. “ಎಮ್ಮೆ ಮೈ ತೊಳೆಯೋಕೆ ಕೆರೆಗಿಳೀರೋ ಅಂದ್ರೆ ಅಳ್ತಿದ್ದೋರು, ಈಗ ಸಮುದ್ರಕ್ಕೆ ಹೊಂಟವ್ರೆ!” ಆಮೇಲೆ ಪಿಳ್ಳಣ್ಣನ ಕೈ ಹಿಡಿದಳು. “ಇವನು ಆತುರಗಾರ ಕಣಪ್ಪಾ. ಜೋಪಾನವಾಗಿ ಕರ್ಕೊಂಡ್ ಬಾ.”

“ಬಿಡವ್ವ, ಕಟ್ಟಾಕ್ಕೊಂಡಾದ್ರೂ ಕರ್ಕೊಂಡ್ ಬರ್ತೀನಿ” ಎಂದ ಪಿಳ್ಳಣ್ಣ.

ಪಂದ್ಯದ ದಿನ ಬೆಳಿಗ್ಗೆ ತಂಗಾಳಿ. ಮಧ್ಯಾಹ್ನ ಮೋಡ ಕವಿದು ಮಳೆ ಹುಯ್ಯಿತು. ಇಬ್ಬರೂ ಹಾಯಿಯನ್ನು ಅರ್ಧಕ್ಕೆ ಮಡಿಸಿ ಕಟ್ಟಿ, ದೋಣಿಗೆ ಕಟ್ಟಿದ ಹಗ್ಗವನ್ನು ಸೊಂಟಕ್ಕೆ ಬಿಗಿದು ಕೂತರು. ಇದ್ದಕ್ಕಿದ್ದಂತೆ ಮಳೆ ನಿಂತು ಬಿಸಿಲು ಬಿತ್ತು.

“ಹೊಳವಾಯ್ತು ಕಣ್ಲಾ!” ಎಂದು ದೇವೇಂದ್ರ ಕೂಗಿದ. “ಹಾಯಿ ಬಿಚ್ಚಾನ, ಎಲ್ರನ್ನೂ ಹಿಂದಾಕ್ಬಿಡಾನ!”

ಚುಕ್ಕಾಣಿ ಪಿಳ್ಳಣ್ಣನ ಕೈಲಿತ್ತು, ತೀರ್ಮಾನವೂ ಅವನದೇ. ನಮ್ಮ ಕಡೆ ಮಳೆ ಹೊಳವಾದ ಗಳಿಗೆಯಲ್ಲೇ ಕೂರಿಗೆ ಹೂಡುತ್ತಾರೆ. ಹದ ಆರುವುದರೊಳಗೆ ಬಿತ್ತನೆ ಮುಗಿಯಬೇಕು. ಹೊಲದಲ್ಲಿ ಬೆಳೆದ ಮೈ ಅದು. ಯೋಚಿಸದೆ “ಹೂಂ, ಬಿಚ್ಚು” ಎಂದುಬಿಟ್ಟ. ಗಂಟಿಗೆ ಕೈ ಎಟುಕದೆ ದೇವೇಂದ್ರ ಸೊಂಟದ ಹಗ್ಗ ಕಳಚಿ ಎದ್ದ. ಹಾಯಿ ಪೂರಾ ಬಿಚ್ಚಿಕೊಂಡಿದ್ದೇ ತಡ, ಗಾಳಿ ಬೇರೆ ದಿಕ್ಕಿನಿಂದ ನುಗ್ಗಿತು. ಹಾಯಿ ಕಟ್ಟಿದ ಅಡ್ಡಮರ ಬೀಸಿ ಬಂದು ಅವನ ತಲೆಗೆ ಬಡಿದು ನೀರಿಗೆ ಕೆಡವಿತು. ಕತ್ತಲಾಗುವವರೆಗೆ ಪಿಳ್ಳಣ್ಣ ಹುಡುಕಿದ. ಮಾರನೆಯ ದಿನ ಹಡಗೂ ಬಂದು ಹುಡುಕಿತು. ಹೆಣವೂ ಸಿಗಲಿಲ್ಲ.

ಊರಿಗೆ ಬಂದವನೇ ಮುನಿತಾಯಮ್ಮನ ಜಗಲಿಯಲ್ಲಿ ಕೂತು ಎಲ್ಲ ಹೇಳಿದ. “ಹೊಳವಾಯ್ತು ಅಂದಿದ್ದು ಅವನು. ಹೂಂ ಅಂದಿದ್ದು ನಾನು.” ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪಿಳ್ಳಣ್ಣ ಮಿಲಿಟರಿ ಬಿಟ್ಟು, ತನ್ನ ಹೊಲದ ಜೊತೆಗೆ ಆಕೆಯದನ್ನೂ ಗೇಯತೊಡಗಿದ. ಆದರೆ ಮಳೆ ನಿಂತು ಊರೆಲ್ಲ ಕೂರಿಗೆ ಹೂಡಿದರೂ ಅವನು ಎತ್ತು ಹಿಡಿದು ಬದುವಿನ ಮೇಲೆ ಆಕಾಶ ನೋಡುತ್ತ ನಿಲ್ಲುತ್ತಿದ್ದ.

“ಏನ್ ಗುರು, ಮೋಡ ಬಂದು ಅಪ್ಪಣೆ ಕೊಡ್ಬೇಕಾ?” ಎಂದು ಪಕ್ಕದ ಹೊಲದ ಚಿಕ್ಕಬೀರಪ್ಪ ಅಣಕಿಸುತ್ತಿದ್ದ. ಹದ ತಪ್ಪಿ ಎರಡು ವರ್ಷ ಎರಡೂ ಹೊಲಗಳಲ್ಲಿ ರಾಗಿ ಸರಿಯಾಗಿ ಹುಟ್ಟಲಿಲ್ಲ.

ಮೂರನೆಯ ವರ್ಷ ಮಳೆ ನಿಂತ ಬೆಳಿಗ್ಗೆ ಮುನಿತಾಯಮ್ಮ ಬಿತ್ತನೆ ರಾಗಿ ಮಡಿಲಿಗೆ ಕಟ್ಟಿಕೊಂಡು ಬಂದಳು. ಕೂರಿಗೆಯ ಹಿಂದೆ ನಿಂತು, “ಹೊಳವಾಯ್ತು ಕಣಪ್ಪಾ. ಹೊಡಿ” ಎಂದಳು.

“ಇನ್ನೊಂದ್ಗಳಿಗೆ ತಡಿಯವ್ವ.”

“ಇಲ್ಲಿ ಮುಳುಗೋಕೆ ಏನೈತೆ? ಹೊಡಿ.”

ಎತ್ತು ಹೆಜ್ಜೆ ಹಾಕಿದವು. ಅರ್ಧ ಸಾಲಿಗೆ ಹಿಂದಿನಿಂದ ಬಿಕ್ಕುವ ಸದ್ದು ಕೇಳಿಸಿತು.

“ಅವನಿದ್ದಿದ್ರೆ ಬೇಗ ಹೊಡಿಯೋ ಅಂತ ನಿನ್ ಪ್ರಾಣ ತಿನ್ನೋನು” ಎಂದಳು ಮುನಿತಾಯಮ್ಮ, ರಾಗಿ ಬಿಡುತ್ತಲೇ.

ಪಿಳ್ಳಣ್ಣ ತಿರುಗಿ ನೋಡಲಿಲ್ಲ. ಎತ್ತನ್ನೂ ನಿಲ್ಲಿಸಲಿಲ್ಲ.