ಔಡಲದ ಎಲೆ ಮತ್ತು ಮಾವನ ಕೊಪ್ಪರಿಗೆ

ಔಡಲದ ಗಿಡದಿಂದ ಬೆಲ್ಲ ತೆಗೆಯಬಹುದೆಂದು ನಂಬಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ನಂಬಿ ಸುಮ್ಮನಿದ್ದರೆ ಸಾಕಿತ್ತು. ಮಾಡಿಯೂ ತೋರಿಸಿದೆ, ಅದೂ ಹೆಣ್ಣು ಕೇಳಬೇಕಾದ ಮನೆಯಲ್ಲಿ.

ಆಗ ನಾನು ಗೋಕಾಕದ ಹತ್ತಿರ ಒಂದು ಗಿರಣಿಯಲ್ಲಿ ಕಾರಕೂನ. ಯಂತ್ರ ಜೋಡಿಸಲು ಕೆನಡಾದಿಂದ ಒಬ್ಬ ಸಾಹೇಬ ಬಂದಿದ್ದ. ಅವನ ಮನೆಮಾತು ಫ್ರೆಂಚ್; ಇಂಗ್ಲಿಷು ನನ್ನದರಷ್ಟೇ ಕುಂಟುತ್ತಿತ್ತು. ಅವನ ಹಳ್ಳಿ ಫ್ರೆಂಚ್ ಕೇಳಿ ಪ್ಯಾರಿಸಿನವರು ನಗುತ್ತಾರಂತೆ. ನನ್ನ ಮಾತು ಕೇಳಿ ಧಾರವಾಡದ ಮಾಸ್ತರರು ನಕ್ಕಿದ್ದನ್ನು ನಾನು ಹೇಳಿದೆ. ಅಂದಿನಿಂದ ದೋಸ್ತರಾದೆವು.

ಒಂದು ದಿನ ಅವನಿಗೆ ಕರದಂಟು ತಿನ್ನಿಸಿ, ಇದರಲ್ಲಿ ಗಿಡದ ಅಂಟು ಇದೆ ಎಂದೆ. ಅವನ ಕಣ್ಣು ಅರಳಿತು. ತನ್ನೂರಲ್ಲಿ ಚಳಿ ಮುಗಿಯುವಾಗ ಮರಕ್ಕೆ ತೂತು ಕೊರೆದು ಬಕೀಟು ತೂಗುಹಾಕುತ್ತಾರೆ, ತೊಟ್ಟಿಕ್ಕಿದ ರಸ ಕುದಿಸಿ ಪಾಕ ಮಾಡುತ್ತಾರೆ, ಅದನ್ನು ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ತಿನ್ನುತ್ತಾರೆ ಎಂದ. ಮೊಟ್ಟೆಗೂ ಸುರಿದುಕೊಳ್ಳುತ್ತಾರಂತೆ. ಯಾವ ಮರ ಎಂದು ಕೇಳಿದ್ದಕ್ಕೆ ಕಾಗದದ ಮೇಲೆ ಎಲೆ ಬರೆದು ತೋರಿಸಿದ. ಬೆರಳು ಅಗಲಿಸಿದ ಅಂಗೈಯಂಥ ಎಲೆ. ಸಾಕ್ಷಾತ್ ಔಡಲ!

ಮಸಗುಪ್ಪಿಯಲ್ಲಿ ನನ್ನ ಸೋದರಮಾವನ ಕಬ್ಬಿನ ಗಾಣವಿತ್ತು. ಅವನ ಮಗಳನ್ನು ಮದುವೆಯಾಗುವ ಆಸೆ ನನಗೆ. ನಾನು ಯಾವ ಕೆಲಸಕ್ಕೂ ಬಾರದವನೆಂಬ ಖಾತ್ರಿ ಮಾವನಿಗೆ. ಗಿಡದ ಬೆಲ್ಲ ಮಾಡಿದರೆ ಮಾವ ಕರಗುತ್ತಾನೆ ಅಂದುಕೊಂಡೆ. ಬದುವಿನ ಔಡಲದ ದಂಟು ಕಡಿದು, ಜಜ್ಜಿ, ಒಂದು ತಂಬಿಗೆ ರಸ ಹಿಂಡಿ, ಮಾವ ಊಟಕ್ಕೆ ಹೋದಾಗ ಕುದಿಯುವ ಕೊಪ್ಪರಿಗೆಗೆ ಸುರಿದೆ. ನೊರೆ ಇಳಿಸಲು ಮಾವನೇ ಎರಡು ಹನಿ ಔಡಲೆಣ್ಣೆ ಹಾಕುತ್ತಿದ್ದ. ತಂಬಿಗೆ ತುಂಬ ರಸ ಹಾಕಿದರೆ ತಪ್ಪೇನು?

ಬೆಲ್ಲ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತು. ಔಡಲವೆಂದರೆ ಹೊಟ್ಟೆ ತೊಳೆಯುವ ಔಷಧ ಎಂಬುದು ಕೂಸಿಗೂ ಗೊತ್ತು, ಹಾಗಾಗಿ ಅದನ್ನು ನಾಯಿಗೂ ಹಾಕಲಿಲ್ಲ. ಇಡೀ ಕೊಪ್ಪರಿಗೆ ತಿಪ್ಪೆಗೆ ಹೋಯಿತು, ಹೊತ್ತವನು ನಾನು. ಊರವರು ನನ್ನನ್ನು ಕಂಡಲ್ಲೆಲ್ಲ ಹೊಟ್ಟೆ ಹಿಡಿದುಕೊಂಡು ಬಯಲಿಗೆ ಓಡುವಂತೆ ನಟಿಸಿದರು.

“ಇನ್ನೊಮ್ಮಿ ಈ ಕಡಿ ಬಂದ್ರ ಎತ್ತಿನ ಬದಲಿ ಗಾಣಕ್ಕ ನಿನ್ನ ಕಟ್ತೀನಿ,” ಎಂದ ಮಾವ. “ಮಗಳ ಮಾತಂತೂ ಎತ್ತಬ್ಯಾಡ.”

ಸಾಹೇಬ ಸುದ್ದಿ ಕೇಳಿ ನಕ್ಕು ಸುಸ್ತಾದ; ಅವನು ಬರೆದದ್ದು ಚಳಿದೇಶದ ಮೇಪಲ್ ಮರದ ಎಲೆಯಂತೆ, ಔಡಲದ್ದಲ್ಲ. ಆಮೇಲೆ ತನ್ನ ಚಿತ್ರದ್ದೇ ತಪ್ಪೆಂದು ಹಟ ಹಿಡಿದು, ರವಿವಾರ ನನ್ನನ್ನು ಎಳೆದುಕೊಂಡು ಮಸಗುಪ್ಪಿಗೆ ಹೊರಟ. ನಾನು ಎತ್ತುಗಳಿಂದ ದೂರ ನಿಂತೆ.

ಮಾವ ಪಾಕದ ಹದ ನೋಡುತ್ತಿದ್ದ. ಬಿಸಿ ಪಾಕವನ್ನು ತಣ್ಣೀರಿಗೆ ಬಿಟ್ಟ; ಅದು ಮೆತ್ತಗೆ ಗಟ್ಟಿಯಾಯಿತು. ಸಾಹೇಬ ಅದನ್ನೇ ನೋಡುತ್ತ ನಿಂತ. ಕೈಸನ್ನೆಯಿಂದ ಕೇಳಿ ಪಡೆದು, ಕಬ್ಬಿನ ಸಿಪ್ಪೆಗೆ ಸುತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದ. “ಸೂಕ್ರ್,” ಎಂದು ದೂರದ ತನ್ನೂರಿನ ಕಡೆ ಕೈ ತೋರಿಸಿದ.

“ಸಕ್ಕರಿ ಅಲ್ರಿ ಸಾಹೇಬ್ರ, ಬೆಲ್ಲ,” ಎಂದ ಮಾವ, ಇನ್ನೊಂದು ಉಂಡೆ ಕೊಟ್ಟು.

ದುಭಾಷಿ ಯಾರಿಗೂ ಬೇಕಾಗಲಿಲ್ಲ. ಸಾಹೇಬ ಎಲೆಯ ಚಿತ್ರ ತೋರಿಸಿದ, ನನ್ನನ್ನು ತೋರಿಸಿದ, ಆಮೇಲೆ ಗಿರಣಿಯಲ್ಲಿ ಕಲಿತಂತೆ ಎರಡೂ ಕಿವಿ ಹಿಡಿದುಕೊಂಡ. ಮಾವ ನಕ್ಕುಬಿಟ್ಟ.

ಹೊರಡುವಾಗ ಮಾವ ನನ್ನನ್ನು ಬದಿಗೆ ಕರೆದ.

“ನನ್ನ ಪಾಕ ತಿಂದು ಅಂವ ತನ್ನೂರು ನೆನಸಿದ. ಅಂಥಾವನ್ನ ಕರಕೊಂಡು ಬಂದಿ, ಅಷ್ಟರ ಶಾಣ್ಯಾತನ ಐತಿ ನಿನಗ. ಮಗಳ್ನ ಕೊಡ್ತೀನಿ. ಆದ್ರ ಮದವಿ ದಿನ ಅಡಗಿ ಮನಿ ಹೊಸ್ತಿಲ ದಾಟಿದಿ ಅಂದ್ರ, ಮಾತ ಹಿಂದ ತಗೋತೀನಿ.”