ಆ ನಟಿ ನಮ್ಮನೆಯಿಂದ ಕದ್ದದ್ದು

ಇವತ್ತು ಟಿವಿಯಲ್ಲಿ ಹಿರಿಯ ನಟಿಯೊಬ್ಬರಿಗೆ ಸನ್ಮಾನ. ಅವರ ನಾಟಕ, ಸಿನಿಮಾ, ಧಾರಾವಾಹಿಯ ತುಣುಕುಗಳು ಬರ್ತಿದ್ದವು. ಒಂದು ಧಾರಾವಾಹಿಯ ತುಣುಕು ನೋಡಿದ್ದೇ ತಡ, ಹೊನ್ನವಳ್ಳಿಯ ನಮ್ಮಟ್ಟದ ಕೊಬ್ಬರಿ ವಾಸನೆ ಮೂಗಿಗೆ ಬಡೀತು.

ನಮ್ಮ ತೋಟದಲ್ಲಿ ಆ ಧಾರಾವಾಹಿಯ ಶೂಟಿಂಗ್ ನಡೆದಿತ್ತು. ಬಿಡುವಾದಾಗಲೆಲ್ಲ ಆಕೆ ಬಂದು ನಮ್ಮಜ್ಜಿ ಎದುರು ಕೂರೋರು. ಅಜ್ಜಿ ಅಟ್ಟದ ಕಾಯಿ ಒಂದೊಂದನ್ನೇ ಕಿವಿ ಹತ್ರ ಅಲ್ಲಾಡಿಸಿ, ಎಡಗಣ್ಣು ಮುಚ್ಚಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಅಂತ ಆಲಿಸೋಳು. ಆಕೆ ರೆಪ್ಪೆ ಮಿಟುಕಿಸದೆ ನೋಡೋರು.

"ಅವ್ಳು ಸುಮ್ನೆ ಬರಾಕಿಲ್ಲ ಕಣೇ, ಏನೋ ಹೊಡ್ಕೊಂಡು ಹೋಗಕ್ಕೆ ಬತ್ತಾಳೆ," ಅಂತ ಅಜ್ಜಿ ನನ್ನನ್ನ ಅಟ್ಟದ ಏಣಿ ಕೆಳಗೆ ಕಾವಲು ಕೂರಿಸಿದಳು. ಶೂಟಿಂಗಿನವರು ಹೊರಟ ಮೇಲೆ ಅಟ್ಟ, ಅಡುಗೆಮನೆ ಎಲ್ಲ ತಡಕಾಡಿದಳು. ಒಂದು ಲೋಟವೂ ಕಾಣೆಯಾಗಿರಲಿಲ್ಲ. ಆದರೂ ಅನುಮಾನ ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಧಾರಾವಾಹಿ ಶುರುವಾಯ್ತು. ಅದರಲ್ಲಿ ಆಕೆ ಕಾಯಿ ಎತ್ತಿ, ಕಿವಿ ಹತ್ರ ಅಲ್ಲಾಡಿಸಿ, ಎಡಗಣ್ಣು ಮುಚ್ಚಿದರು. ಅಜ್ಜಿ ಧಡಕ್ಕನೆ ಎದ್ದು ನಿಂತಳು.

"ಆವತ್ತೇ ಬಡ್ಕೊಂಡೆ, ನೀವ್ಯಾರೂ ನಂಬ್ಲಿಲ್ಲ! ನೋಡ್ರೋ, ನನ್ನೇ ಕದ್ದವ್ಳೆ!"

ಅಜ್ಜಿಯದು ಒಂದು ಫೋಟೋನೂ ನಮ್ಮ ಹತ್ರ ಉಳಿದಿಲ್ಲ. ಇವತ್ತು ಟಿವಿಯಲ್ಲಿ ಮತ್ತೆ ಆ ಎಡಗಣ್ಣು ಮುಚ್ಚಿತು. ಕದ್ದ ಮಾಲನ್ನ ಮಹಾತಾಯಿ ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ!