ಶುಕ್ರವಾರವೇ ಹೊರಟ ಸೀರೆ

ವಾರ, ತಿಥಿ ಎಂದರೆ ನನಗೆ ನಗು ಬರುತ್ತಿತ್ತು. ಈಗಲೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಕೆಲವು ವರ್ಷಗಳ ಹಿಂದೆ ನಮ್ಮತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ನಾವಿರುವ ಪುಣೆಯ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಸಿಗುವುದು ಶನಿವಾರ ಎಂದರು. ಧಾರವಾಡದಿಂದ ನಿಗಡಿಯ ನಮ್ಮ ಮನೆಗೆ ಬಂದಿದ್ದ ಅತ್ತೆ ಪಟ್ಟು ಹಿಡಿದು ಕುಳಿತರು. "ಶನಿವಾರ ಸೇರಿದ ನಮ್ಮಕ್ಕ ತಿರುಗಿ ಮನಿಗೆ ಬರಲಿಲ್ಲ. ನಾ ಒಲ್ಲೆ." ನಿಜ ಹೇಳಬೇಕೆಂದರೆ ಶನಿವಾರ ನನಗೂ ಬೇಡವಾಗಿತ್ತು. ಶನಿಯ ಭಯಕ್ಕಲ್ಲ, ಭಾನುವಾರ ದೊಡ್ಡ ಡಾಕ್ಟರು ಯಾರೂ ಸಿಗುವುದಿಲ್ಲವಲ್ಲ ಎಂದು. ಆದರೆ ನೋವು ಕಾಯುವಂತಿರಲಿಲ್ಲ.

ಕೊನೆಗೆ ಅತ್ತೆಯೇ ಪ್ರಸ್ಥಾನದ ದಾರಿ ಹುಡುಕಿದರು. ಒಳ್ಳೆಯ ದಿನವೇ ಒಂದು ಬಟ್ಟೆಯ ಗಂಟನ್ನು ಮುಂದೆ ಕಳಿಸಿಬಿಟ್ಟರೆ, ಅವತ್ತೇ ಹೊರಟಂತೆ ಲೆಕ್ಕ. ಹಸಿರು ಇಳಕಲ್ ಸೀರೆಯಲ್ಲಿ ಅಕ್ಕಿ, ಅಡಿಕೆ ಕಟ್ಟಿಕೊಟ್ಟರು. ಆಪರೇಷನ್ನೂ ಸೀರೆಗೇ ಮಾಡಿಸೋಣ ಎಂದು ಚೇಷ್ಟೆ ಮಾಡುತ್ತಲೇ ಶುಕ್ರವಾರ ಅದನ್ನು ಆಸ್ಪತ್ರೆಯ ಎದುರಿನ ಪರಿಚಯದ ಔಷಧಿ ಅಂಗಡಿಯಲ್ಲಿ ಇಟ್ಟು ಆಫೀಸಿಗೆ ಹೋದೆ.

ಶನಿವಾರ ಗಂಟು ತೆಗೆದುಕೊಂಡು ವಾರ್ಡಿಗೆ ಕಾಲಿಟ್ಟರೆ, ಪಕ್ಕದ ಹಾಸಿಗೆಯ ಮರಾಠಿ ಅಜ್ಜಿ ಅತ್ತೆಯನ್ನು ನೋಡಿ, ಎಲ್ಲಿ ಹೋಗಿದ್ದಿರಿ, ಹಸಿರು ಸೀರೆ ಯಾಕೆ ಬದಲಿಸಿದಿರಿ ಎಂದು ಕೇಳಿದರು. ನಿನ್ನೆ ಮಧ್ಯಾಹ್ನ ಇವರು ಬಂದು ಕುಳಿತಿದ್ದರಂತೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದಿದ್ದರಂತೆ. ಆ ಸೀರೆ ಬಿಚ್ಚದ ಗಂಟಾಗಿ ನನ್ನ ಕೈಯಲ್ಲಿತ್ತು. ಅತ್ತೆಗೆ ಉಸಿರಿನ ತೊಂದರೆ ಎಂದೂ ಇರಲಿಲ್ಲ. ಅಜ್ಜಿಗೆ ಅರಳುಮರಳು ಎಂದುಕೊಂಡೆ.

ಭಾನುವಾರ ನಾನು ಕ್ಯಾಂಟೀನಿಗೆ ಹೋಗಿದ್ದಾಗ, ಮಲಗಿದ್ದ ಅತ್ತೆಗೆ ಉಸಿರು ಕಟ್ಟಿತು. ಕೂಗುವಷ್ಟೂ ಶಕ್ತಿ ಇರಲಿಲ್ಲ. ಶುಕ್ರವಾರ ಕೇಳಿದ ಉಸಿರಿನ ಮಾತು ನೆನಪಿದ್ದ ಅಜ್ಜಿ ಅವರನ್ನೇ ನೋಡುತ್ತ ಕುಳಿತಿದ್ದರಂತೆ. ಅವರು ಕೂಗಿದ್ದಕ್ಕೆ ನರ್ಸ್ ಓಡಿ ಬಂದು ಆಕ್ಸಿಜನ್ ಹಚ್ಚಿದಳು. ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡ್ಯೂಟಿ ಡಾಕ್ಟರ್ ಹೇಳಿದರು.

ಮುಂದೆ ಆಪರೇಷನ್ ಆಗಿ ಅತ್ತೆ ಗುಣವಾದರು. ಶುಕ್ರವಾರ ಆಸ್ಪತ್ರೆಗೆ ಬಂದಿದ್ದಿರಾ ಎಂದು ಅವರನ್ನೇ ಕೇಳಿದೆ. "ನಾ ಹೆಂಗ ಬರ್ಲಿ? ಶುಕ್ರವಾರ ಮಧ್ಯಾಹ್ನ ಮನ್ಯಾಗ ಭಾಳ ನಿದ್ದಿ ಬಂದಿತ್ತು," ಎಂದರು. ಅವರಂತೆಯೇ ಕಾಣುವ ಇನ್ಯಾರೋ ಬಂದಿದ್ದರು ಎಂದುಕೊಳ್ಳಬಹುದು. ಹಾಗಾದರೆ ಉಸಿರಿನ ಮಾತು?

ನಾವು ನಿಗಡಿಯ ಮನೆಗೆ ಹೊರಟ ದಿನ ಅಜ್ಜಿ ತಮ್ಮದೊಂದು ನೂಲಿನ ಸೀರೆಯನ್ನು ಮಡಚಿ ನನ್ನ ಕೈಗಿತ್ತರು. ಅವರು ಸೇರಿದ್ದು ಶನಿವಾರವಂತೆ, ಬಹಳ ದಿನಗಳಾಗಿದ್ದವು. "ಇದನ್ನಾದರೂ ಹೊರಗೆ ಕರೆದುಕೊಂಡು ಹೋಗು, ಮಗಳೇ," ಎಂದರು ಮರಾಠಿಯಲ್ಲಿ.

ಆಟೋದಲ್ಲಿ ಅತ್ತೆ ಒಂದು ಅಂಚಿಗೆ ಸರಿದರು, ನಾನು ಇನ್ನೊಂದು ಅಂಚಿಗೆ. ನಡುವೆ ಸೀರೆ ಇಟ್ಟು ಒಬ್ಬರು ಕೂರುವಷ್ಟು ಜಾಗ ಬಿಟ್ಟೆವು. ಹಾಗೆ ಮಾಡೋಣವೆಂದು ಇಬ್ಬರೂ ಹೇಳಿರಲಿಲ್ಲ.